ಕಾಡುಬೆಂಡೆ ಗೆದ್ದಿತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆ ಒಂದು ಕಾಡು ತರಕಾರಿ ಆರಿಸಿಕೊಳ್ಳಿ ಎಂದು ಪ್ರಾಧ್ಯಾಪಕರು ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ಬಸ್ತಿಹಳ್ಳಿಯಲ್ಲಿದ್ದ ದೊಡ್ಡಮ್ಮನ ಬೇಲಿ. ಮಳೆ ನಿಂತರೆ ಸಾಕು, ಅಲ್ಲಿ ಕಾಡುಬೆಂಡೆ ಹಳದಿ ಹೂ ಬಿಡುತ್ತಿತ್ತು. ಗಿಡ್ಡ ಕಾಯಿ, ಮೈತುಂಬ ಚುಚ್ಚುವ ಸುಂಕು, ಮುಟ್ಟಿದರೆ ನವೆ. ದೊಡ್ಡಮ್ಮ ಎಳೆಕಾಯಿಗಳನ್ನು ಗೋಣಿತಾಟಿನಲ್ಲಿ ಉಜ್ಜಿ, ಹುರಿದು ಪಲ್ಯ ಮಾಡುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೂರು ಹೆಣ್ಣುಮಕ್ಕಳನ್ನು ಬೆಳೆಸಿದವಳು ಅವಳು. 'ಬೇಲಿ ಕಾಯಿ ತಿನ್ನಿಸಿ ಮಕ್ಕಳನ್ನ ಸಾಕಿದೋಳು' ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಬೀಜಕ್ಕಾಗಿ ಒಣಗಿದ ಕಾಯಿ ಕೇಳಲು ಹೋದಾಗ ಅವಳೇ ಸೆರಗಿನಲ್ಲಿ ಕಿತ್ತು ತಂದಳು.

"ಇದ್ರೊಳಗೆ ಏನೈತೆ ಅಂತ ನೋಡ್ತೀಯೇನೇ?"

"ನೋಡ್ತೀನಿ ದೊಡ್ಡಮ್ಮ."

"ಏನೂ ಇಲ್ದೆ ಹೋದ್ರೆ ಯಾರ್ಗೂ ಹೇಳ್ಬೇಡ."

ಅರಸೀಕೆರೆಯ ಬೀಜದಂಗಡಿಯಲ್ಲಿ ಬಿತ್ತನೆಗೆ ಮಾರುವ ಬೆಂಡೆಬೀಜವನ್ನೂ ಕೊಂಡು ರೈಲು ಹತ್ತಿದೆ. ಎರಡರ ಬೀಜವನ್ನೂ ಪುಡಿಮಾಡಿ, ಆಸಿಡ್‌ನಲ್ಲಿ ಗಂಟೆಗಟ್ಟಲೆ ಕುದಿಸಿ, ಪ್ರೋಟೀನ್ ಅಳೆಯಲು ಕೂತೆ. ಬಟ್ಟಿಯಿಳಿಸಿದಾಗ ಸಿಕ್ಕ ಹಸಿರು ದ್ರವಕ್ಕೆ, ಗೆರೆ ಎಳೆದ ಗಾಜಿನ ಕೊಳವೆಯಾದ ಬ್ಯೂರೆಟ್‌ನಿಂದ ಹನಿಹನಿಯಾಗಿ ಆಸಿಡ್ ಬಿಡಬೇಕು. ಬಣ್ಣ ಗುಲಾಬಿಗೆ ತಿರುಗಲು ಹೆಚ್ಚು ಹನಿ ಬೇಕಾದಷ್ಟೂ ಪ್ರೋಟೀನ್ ಹೆಚ್ಚು. ಅಂಗಡಿ ಬೆಂಡೆ ಬೇಗ ಗುಲಾಬಿಯಾಯಿತು; ಆಸಿಡ್ ನಿಂತ ಗೆರೆಯನ್ನು ಗುರುತಿಟ್ಟುಕೊಂಡೆ. ದೊಡ್ಡಮ್ಮನ ಬೆಂಡೆ ಆ ಗೆರೆ ದಾಟಿದರೂ ಹಸಿರಾಗಿಯೇ ಇತ್ತು.

ನನ್ನ ಪ್ರಾಧ್ಯಾಪಕರು ನಂಬಲಿಲ್ಲ. "ಬೇಲಿ ಗಿಡ ಕಣಮ್ಮ ಅದು. ಎಲ್ಲೋ ತೂಕದಲ್ಲಿ ತಪ್ಪಿದ್ದೀರಿ. ಮತ್ತೆ ಮಾಡಿ."

ಮತ್ತೆ ಮಾಡಿದೆ, ಮೂರನೇ ಸಲವೂ ಮಾಡಿದೆ. ಉತ್ತರ ಬದಲಾಗಲಿಲ್ಲ. ಕೊನೆಗೆ ಅವರೇ ಅಂಗಿಯ ತೋಳು ಮಡಚಿ ಬ್ಯೂರೆಟ್ ಮುಂದೆ ನಿಂತರು. ಅಂಗಡಿ ಬೆಂಡೆಯ ಗೆರೆ ದಾಟಿತು, ಹನಿಗಳು ಬೀಳುತ್ತಲೇ ಹೋದವು. ಗುಲಾಬಿ ಬಣ್ಣ ಬಂದಾಗ ಅವರು ಕನ್ನಡಕ ತೆಗೆದು, "ನೀವು ಸರಿ. ನಾನು ತಪ್ಪು," ಎಂದು ಲ್ಯಾಬಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು. ಮುಂದಿನ ವಾರಗಳಲ್ಲಿ ಎರಡರ ಎಳೆಕಾಯಿಯನ್ನೂ ತರಿಸಿ ಸುಣ್ಣದಂಶವನ್ನೂ ಲೋಳೆಯನ್ನೂ ಅಳೆದೆ. ಅವುಗಳಲ್ಲೂ ಬೇಲಿಯದೇ ಮುಂದಿತ್ತು. ಸಿ ವಿಟಮಿನ್ ಮಾತ್ರ ಹೆಚ್ಚುಕಮ್ಮಿ ಸಮ ಬಂತು.

ಆ ಬೇಸಿಗೆಯಲ್ಲಿ ಹಾರನಹಳ್ಳಿಯ ನಮ್ಮ ಮನೆಯಲ್ಲಿ ದೊಡ್ಡಮ್ಮನ ಕಿರಿಮಗಳ ನಿಶ್ಚಿತಾರ್ಥ ಇತ್ತು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೆಂಟರೊಬ್ಬರು ನಗುತ್ತಾ ಕೇಳಿದರು: "ಏನಮ್ಮ, ಬೇಲಿ ಗಿಡಾನೂ ಪಾಸಾಯ್ತಂತೆ?"

ನಾನು ಎದ್ದು ನಿಂತೆ. "ಪಾಸಲ್ಲ, ಫಸ್ಟ್ ಬಂತು. ಅಂಗಡಿ ಬೆಂಡೆಗಿಂತ ಅದ್ರ ಬೀಜದಲ್ಲಿ ಪ್ರೋಟೀನ್ ಜಾಸ್ತಿ. ಕಾಯಲ್ಲಿ ಮೂಳೆಗೆ ಬೇಕಾದ ಸುಣ್ಣ ಜಾಸ್ತಿ. ದೊಡ್ಡಮ್ಮ ಮಕ್ಕಳಿಗೆ ಒಳ್ಳೇದನ್ನೇ ತಿನ್ನಿಸಿದ್ದಾರೆ."

ದೊಡ್ಡಮ್ಮ ಒದ್ದೆ ಕೈಯಲ್ಲೇ ಅಡುಗೆಮನೆ ಬಾಗಿಲಿಗೆ ಬಂದಳು. ಅಷ್ಟು ಎತ್ತರವಾಗಿ ಅವಳು ನಿಂತದ್ದನ್ನು ನಾನು ಕಂಡೇ ಇರಲಿಲ್ಲ.

"ಇನ್ನೊಂದ್ಸಲ ಹೇಳೇ," ಅಂದಳು. "ಹಿತ್ತಲಲ್ಲಿರೋರ್ಗೂ ಕೇಳ್ಲಿ."

ನಾನು ಗಂಟಲೆತ್ತಿ ಮತ್ತೆ ಹೇಳಿದೆ.