ಮಾಯಮ್ಮನವರ ಮನೆಗೆ ಎರಡು ಸಾವಿರದ ಒಂದರಲ್ಲಿದ್ದ ಬೆಲೆ

ಮದ್ದೂರಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತರಾದ ಮಾಯಮ್ಮನವರು ಮಂಡ್ಯದಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದಾರೆ. ರಕ್ತ ಕಂಡರೂ ಬೆದರದ ಆ ಹೆಂಗಸು ಕಳೆದ ಆಷಾಢದಲ್ಲಿ ಆದಾಯ ತೆರಿಗೆಯ ನೋಟಿಸು ಹಿಡಿದು ಚಪ್ಪಲಿಯನ್ನೂ ಬಿಡದೆ ನಮ್ಮ ಮನೆಯೊಳಗೆ ಬಂದರು.

"ಸಾ, ನನ್ನ ಜೈಲಿಗಾಕ್ತಾರಾ?"

ಮದ್ದೂರಿನ ಕೇರಿಯಲ್ಲಿದ್ದ ಸ್ವಂತ ಮನೆಯನ್ನು ಅವರು ಮೂವತ್ತೆರಡು ಲಕ್ಷಕ್ಕೆ ಮಾರಿ, ಹಣವನ್ನು ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ ಹಂಚಿದ್ದರು. ಲಾಭಕ್ಕೆ ತೆರಿಗೆಯುಂಟೆಂದು ಅವರಿಗೆ ಹೇಳಿದವರಿಲ್ಲ. ಹಳೆಯ ಮನೆಯಾದ್ದರಿಂದ, ಅದು ೨೦೦೧ರ ಏಪ್ರಿಲ್ ಒಂದರಂದು ಎಷ್ಟು ಬಾಳುತ್ತಿತ್ತೋ ಅದನ್ನು ಬೆಲೆಯೇರಿಕೆಯ ಸೂಚ್ಯಂಕದಂತೆ ಏರಿಸಿ, ಮಾರಿದ ಹಣದಲ್ಲಿ ಕಳೆಯಬಹುದು; ಉಳಿದದ್ದಕ್ಕೆ ಮಾತ್ರ ತೆರಿಗೆ. ಅರ್ಜಿ ಬರೆದುಕೊಡುವ ಏಜೆಂಟ್ ಶಶಿಧರ್ ನೋಂದಣಿ ಇಲಾಖೆಯ ಆ ವರ್ಷದ ದರಪಟ್ಟಿ ನೋಡಿ ನಕ್ಕನಂತೆ.

"ನಿಮ್ ಕೇರಿ ಹೆಸ್ರೇ ಇಲ್ಲ ಕಣಮ್ಮ. ಬೆಲೆ ಸೊನ್ನೆ ಅಂತ ಆಕ್ತೀನಿ. ಆರು ಲಕ್ಷದ ಮೇಲೆ ಕಟ್ಬೇಕಾಯ್ತದೆ."

ಕಿರಿಯ ಮಗಳು ಪ್ರಿಯಾಂಕ ತನ್ನ ಪಾಲನ್ನು ಮಳವಳ್ಳಿಯಲ್ಲಿ ಕಟ್ಟಿಸುತ್ತಿರುವ ಮನೆಗೆ ಸುರಿದಿದ್ದಳು. "ಕೊಟ್ಟದ್ದ ವಾಪಸ್ ಕೊಡಿ ಅಂತ ಅಳೀಮಯ್ಯನ ಮುಂದೆ ಯಾವ ಬಾಯಲ್ಲಿ ಕೇಳನ ಸಾ?" ಎಂದರು ಮಾಯಮ್ಮ. ಅಂದಿನಿಂದ ಅಂಚೆಯವನ ಬೈಸಿಕಲ್ ಗಂಟೆ ಕೇಳಿದರೂ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳತೊಡಗಿದರು.

ಬೆಲೆ ನಿಗದಿ ಮಾಡದಿರುವುದು ಬೇರೆ, ಬೆಲೆಯೇ ಇಲ್ಲದಿರುವುದು ಬೇರೆ. ಕೇರಿಯನ್ನು ಪಟ್ಟಿಗೆ ಸೇರಿಸದಿದ್ದುದು ಬರೆದವರ ತಪ್ಪು. ಅದರ ದಂಡವನ್ನು ಕೇರಿಯವರೇ ತೆರಬೇಕೆಂಬುದು ಯಾವ ನ್ಯಾಯ? ದರವಿಲ್ಲದೆಡೆ ನೋಂದಾಯಿತ ಮೌಲ್ಯಮಾಪಕರ ವರದಿ ಸಲ್ಲುತ್ತದೆ. ನನ್ನ ಪರಿಚಯದ ಮೌಲ್ಯಮಾಪಕ ನಿಂಗಯ್ಯನವರು ಕೇಳಿದ್ದು ಒಂದೇ ಪ್ರಶ್ನೆ: "ಮನೆ ಇನ್ನೂ ನಿಂತೈತಾ?"

ಮಾಯಮ್ಮ ಕೊಂಡವನಿಗೆ ಫೋನು ಮಾಡಿದರು. ಅಂಬರೀಶ್ ಎಂಬ ಆತ, ಈಗಷ್ಟೇ ಕೆಡವಲು ಶುರು ಮಾಡಿದ್ದಾಗಿ ಹೇಳಿದ. ನಾವು ಮೂವರೂ ಸಿಕ್ಕ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಆಕೆ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ.

ಹೋಗುವಷ್ಟರಲ್ಲಿ ಅಡುಗೆಮನೆ ಬಿದ್ದಿತ್ತು. ಜೆಸಿಬಿ ನಡುಮನೆಯತ್ತ ತಿರುಗುತ್ತಿತ್ತು.

"ಮಾರಿದ್ಮೇಲೆ ಇನ್ನೇನಮ್ಮ? ವಾಪಸ್ ಕೇಳಕ್ ಬಂದ್ರಾ?" ಎಂದ ಅಂಬರೀಶ್.

"ಇಲ್ಲ ಕಣಪ್ಪ. ಒಂದ್ಗಳಿಗೆ ನಿಲ್ಸು. ನಿನ್ ಕಾಲ್ಗೆ ಬೀಳ್ತೀನಿ."

ಆಕೆ ನಿಜವಾಗಿಯೂ ಬಗ್ಗಿದರು. ಅವನು ಹಿಂದಕ್ಕೆ ಹಾರಿದ. "ಅಯ್ಯೋ, ಬುಡವ್ವಾ! ಲೇ, ನಿಲ್ಸಲಾ ಮಿಷನ್ನು! ಬೇಗ ಅಳ್ಕಳಿ ಸಾ."

ನಿಂಗಯ್ಯನವರು ಟೇಪು ಬಿಚ್ಚಿದರು. ಕಲ್ಲಿನ ತಳಪಾಯ, ಸುಟ್ಟ ಇಟ್ಟಿಗೆಯ ದಪ್ಪ ಗೋಡೆ, ಹೊನ್ನೆಮರದ ತೊಲೆ, ಕೆಂಪು ಗಾರೆಯ ನೆಲ. ಎಲ್ಲದರ ಫೋಟೊ ತೆಗೆದರು. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿಯಾಗಿದ್ದ, ಮಾಯಮ್ಮನವರ ದಿವಂಗತ ಪತಿ ತಿಮ್ಮಯ್ಯನವರು ರಜೆಯ ದಿನಗಳಲ್ಲಿ ತಾವೇ ಪಾಯ ತೋಡಿ ಕಟ್ಟಿಸಿದ ಮನೆಯದು. ಮಾಯಮ್ಮ ಒಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತು ಜೆಸಿಬಿಯ ಡ್ರೈವರನನ್ನೇ ನೋಡುತ್ತಿದ್ದರು.

ನಿವೇಶನವೂ ಕಟ್ಟಡವೂ ಸೇರಿ ೨೦೦೧ರ ಬೆಲೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರವೆಂದು ವರದಿಯಾಯಿತು. ಕೇಳಿ ಆಕೆಯ ಮುಖ ಮತ್ತೆ ಬಿಳುಚಿತು.

"ನಾಕ್ ಲಕ್ಷವಾ? ಅಷ್ಟು ಬಾಳೋ ಮನೆಗೆ ಬರೀ ಚಿಲ್ಕ ಆಕಿ ನೈಟ್ ಡ್ಯೂಟಿಗೋಯ್ತಿದ್ನಲ್ಲ ಸಾ!"

ಯುಗಾದಿ ಕಳೆದ ಮೇಲೆ ಆದೇಶ ಬಂತು. ವರದಿಯನ್ನು ಒಪ್ಪಿದ್ದರು, ತೆರಿಗೆ ಸುಮಾರು ಅರ್ಧಕ್ಕಿಳಿದಿತ್ತು. ಅದನ್ನು ಕಟ್ಟಲು ಆಕೆಯ ನಿವೃತ್ತಿಯ ಠೇವಣಿಯೇ ಸಾಕಾಗುತ್ತಿತ್ತು. ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ, ಮಾಯಮ್ಮ ಮಳವಳ್ಳಿಗೆ ಫೋನು ಮಾಡಿದರು.

"ಗೋಡೆ ಎಲ್ಲಿಗ್ಬಂತವ್ವಾ? ಮೋಲ್ಡ್ ಆಕುಸ್ಬುಡಿ, ಮಳೆ ಇಡ್ಕೊಳ್ಳೋದ್ರೊಳ್ಗೆ. ಏನಿಲ್ಲ, ಸುಮ್ನೆ ಮಾಡ್ದೆ."