ತುಟಿಯ ಮೂಲೆಯ ಚೌಕ

ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದೆ. ನನ್ನ ಮದುವೆಗೆ ಅಪ್ಪ ತನ್ನ ಕೈಯಾರೆ ಮಾಡಿಕೊಟ್ಟ ಗಾದಿ ಅದು. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಮಾಡುವವರು. ಹಳೆಯ ಹತ್ತಿಗೆ ಒಂದು ವಾಸನೆ ಇರುತ್ತದೆ. ಧೂಳು, ಬೆವರು, ಎಲ್ಲೋ ತಲೆಗೆಣ್ಣೆ… ಬೇರೆಯವರಿಗೆ ಅದು ಮುಗ್ಗಲು ವಾಸನೆ, ನನಗೆ ಅಪ್ಪನ ಅಂಗಿಯ ವಾಸನೆ. ಅದನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದಾಗಲೇ ಬೆಟಗೇರಿಯಿಂದ ಫೋನು ಬಂತು. ಕಾಕಾನ ಸೊಸೆ.

"ಅಕ್ಕಾರ, ಮಾವಾರು ಹೋದ್ರರೀ. ನಿನ್ನೆ ಸಂಜಿಮುಂದ. ಇವತ್ತ ಮುಂಜಾನೆ ಮಣ್ಣ ಆತು. ಗಡಿಬಿಡ್ಯಾಗ ನಿಮಗ ಖಬರ ಕೊಡಾಕ ಆಗಲಿಲ್ರಿ."

ಹತ್ತಿ ಹಿಡಿದುಕೊಂಡೇ ಕೂತುಬಿಟ್ಟೆ. ಬಾಯಲ್ಲಿ ದುವಾ ಬಂತು, ಕಣ್ಣಲ್ಲಿ ನೀರು ಆಮೇಲೆ ಬಂತು.

ಕಾಕಾ ಅಂದರೆ ರಕ್ತಸಂಬಂಧವಲ್ಲ. ಬೆಟಗೇರಿಯಲ್ಲಿ ನಮ್ಮ ತವರುಮನೆಯ ಎದುರಿಗೆ ಅವರ ಮನೆ. ನೇಕಾರರು. ಮಗ್ಗವನ್ನು ಕಾಕಾನ ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ಕಾಕಾನ ಕೆಲಸ ಸೀರೆಯ ಅಂಚಿಗೆ, ಸೆರಗಿಗೆ ನಕ್ಷೆ ತೆಗೆಯುವುದು. ಚೌಕದ ಕಾಗದದ ಮೇಲೆ ಒಂದೊಂದೇ ಚೌಕ ತುಂಬುತ್ತ ನವಿಲು, ಕಳಸ, ಬಳ್ಳಿ ಎಬ್ಬಿಸುತ್ತಿದ್ದರು. ಅಪ್ಪನಿಗೂ ಅವರಿಗೂ ದಿನವೂ ಜಗಳ, ದಿನವೂ ಒಂದೇ ಕಟ್ಟೆಯ ಮೇಲೆ ಚಹಾ.

ಗದಗ ಜಿಲ್ಲೆಯಾದ ಹೊಸತು. ಮುಂಬೈಯಲ್ಲಿದ್ದ ಅವರ ಬೀಗರು ಯಾರೋ ಒಂದು ಹಳೆಯ ಕಂಪ್ಯೂಟರ್ ಕೊಟ್ಟು ಕಳಿಸಿದರು. ಈಗಿನ ಹಾಗಲ್ಲ, ಊಟದ ತಾಟಿನಷ್ಟು ಅಗಲದ ಕರಿ ಡಬ್ಬಿ, ಮೇಲೆ ರಬ್ಬರಿನ ಗುಂಡಿಗಳು. ಅದನ್ನು ಮನೆಯ ಟಿವಿಗೆ ಸಿಕ್ಕಿಸಬೇಕು. ನೆನಪಿಡಲು ಅದಕ್ಕೆ ಟೇಪ್ ರೆಕಾರ್ಡರ್ ಬೇಕು. ಕ್ಯಾಸೆಟ್ ಹಾಕಿದರೆ ಕೀಂ ಎಂದು ಚೀರುತ್ತ ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ತುಂಬಿಕೊಳ್ಳುತ್ತಿತ್ತು. ಆ ಚೀರಾಟಕ್ಕೆ ಓಣಿಯ ಮಂದಿ ಬೈಯುತ್ತಿದ್ದರು. ಕಾಕಾನಿಗೆ ಅದರ ಹುಚ್ಚು ಹಿಡಿಯಿತು. ಕಾಗದದ ಚೌಕಕ್ಕೂ ಪರದೆಯ ಚೌಕಕ್ಕೂ ಅವರಿಗೆ ಭೇದ ಕಾಣಲಿಲ್ಲ.

ನಮ್ಮ ಅಪ್ಪ ಫೋಟೋ ತೆಗೆಸಿಕೊಂಡವನಲ್ಲ. ಧರ್ಮಕ್ಕೆ ಒಪ್ಪಿಗೆಯಾಗದು ಎಂಬ ಭಾವ. ಓಟಿನ ಕಾರ್ಡಿಗೆ ಒಲ್ಲದ ಮನಸ್ಸಿನಿಂದ ನಿಂತಿದ್ದ. ಅದರಲ್ಲಿ ಕಳ್ಳನನ್ನು ಹಿಡಿದು ನಿಲ್ಲಿಸಿದಂತೆ ಕಾಣುತ್ತಿದ್ದ. ಅಂಥವನಿಗೆ ಒಂದು ದಿನ ಕಾಕಾ ಗಂಟುಬಿದ್ದರು.

"ಕುಂಡ್ರೋ ದೋಸ್ತ, ನಿನ್ನ ಮಾರಿ ತಗೀತೀನಿ."

"ಹೋಗಲೇ, ಫೋಟೋ ಗೀಟೋ ನನಗ ಆಗೂದಿಲ್ಲ."

"ಫೋಟೋ ಅಲ್ಲೋ ಮಾರಾಯಾ. ಅಂಚಿಗೆ ನವಿಲು ತಗೀತೀನಲ್ಲ, ಹಂಗ. ಚೌಕ ತುಂಬೂದು."

"ನವಿಲಿಗೆ ಗಡ್ಡ ಇರತೈತೇನಲೇ?"

"ಈ ನವಿಲಿಗೆ ಇರತೈತಿ. ಸುಮ್ಮ ಕುಂಡ್ರು."

ಅಪ್ಪ ಟಿವಿಯ ಕಡೆ ಬೆರಳು ಮಾಡಿದ. "ಟಿವಿ ಆರಿಸಿದ್ರ ಹೋಗತೈತಲ್ಲ?"

"ಹೋಗತೈತಿ."

"ಕಾಗದದ ಮ್ಯಾಲೆ ಇಳಸೂದಿಲ್ಲಲ್ಲ?"

"ಇಲ್ಲ ಮಾರಾಯಾ, ಆಣಿ."

"ಹಂಗಾರ ತಗಿ."

ಎಷ್ಟೋ ಮಧ್ಯಾಹ್ನ ಅಪ್ಪ ಅವರ ಪಡಸಾಲೆಯಲ್ಲಿ ಕೂತ. ಕಾಕಾ ಅವನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡುತ್ತ ಗುಂಡಿ ಒತ್ತಿದರು. ಮುಗಿದ ದಿನ ನಾವೆಲ್ಲ ಹೋಗಿ ನೋಡಿದೆವು. ಕಪ್ಪು ಬಿಳುಪು, ಬರೀ ಚುಕ್ಕೆ. ಆದರೆ ಅಪ್ಪ! ನಗಬಾರದು ಎಂದು ತುಟಿ ಬಿಗಿಹಿಡಿದಾಗ ಬಾಯಿಯ ಒಂದು ಮೂಲೆ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಅದನ್ನು ಕಾಕಾ ಒಂದೇ ಒಂದು ಕರಿ ಚೌಕದಲ್ಲಿ ಹಿಡಿದಿದ್ದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮುಂದೆ ಹುಬ್ಬಳ್ಳಿಯಲ್ಲಿ ಮುಚ್ಚಿದ ಕಂಪ್ಯೂಟರ್ ಕ್ಲಾಸಿನಿಂದ ಕಾಕಾ ಎರಡನೆಯದೊಂದು ಯಂತ್ರ ತಂದರು. ಅದಕ್ಕೆ ಕ್ಯಾಸೆಟ್ ಬೇಡ, ಫ್ಲಾಪಿ ಇತ್ತು. ಆದರೆ ಹಳೆಯದರ ಚಿತ್ರ ಹೊಸದಕ್ಕೆ ಓದಲು ಬಾರದು. ಎರಡನ್ನೂ ಕೂಡಿಸುವ ತಂತಿ ಸಿಗಲಿಲ್ಲ. ಕಾಕಾನಿಗೆ ಮಗ್ಗದ ಉಪಾಯ ಹೊಳೆಯಿತು. ನಕ್ಷೆಯನ್ನು ಮಗ್ಗಕ್ಕೆ ತಿಳಿಸುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವಾಗ ಒಬ್ಬರು ನೋಡಿ ಕೂಗುತ್ತಾರೆ, ಒಬ್ಬರು ಹೊಡೆಯುತ್ತಾರೆ. ಹಾಗೆಯೇ ನಾನು ಹಳೆಯ ಪರದೆ ನೋಡಿ "ಕಪ್ಪು, ಬಿಳಿ, ಬಿಳಿ, ಕಪ್ಪು" ಎಂದು ಕೂಗುವುದು, ಅವರು ಹೊಸದರಲ್ಲಿ ಒತ್ತುವುದು. ಆಗ ನನಗೆ ಮದುವೆ ಗೊತ್ತಾಗಿತ್ತು. ಮನೆಗೆಲಸ ಮುಗಿಸಿ ಹೋಗಿ ಕೂರುತ್ತಿದ್ದೆ.

ಹೊಸದರ ಒಂದು ಚೌಕ ಹಳೆಯದರ ಎರಡರಷ್ಟು ಅಗಲ. ಕಾಕಾ ಲೆಕ್ಕ ಹೇಳಿದರು: "ಜೋಡಿ ಚೌಕ ಎರಡೂ ಕಪ್ಪಿದ್ರ ಕಪ್ಪು ಅನ್ನವಾ. ಒಂದ ಕಪ್ಪಿದ್ರ ಬಿಟ್ಟುಬಿಡು." ಕೂಗುತ್ತ ಹೋದೆ. ಗಡ್ಡ ಬಂತು, ಟೊಪ್ಪಿಗೆ ಬಂತು, ಹುಬ್ಬು ಬಂತು. ಮುಖ ಸ್ವಲ್ಪ ಅಗಲವಾಯಿತು, ಅದನ್ನು ನೋಡಿ ಅಪ್ಪನೇ, "ನಿಮ್ಮನಿ ರೊಟ್ಟಿ ತಿಂದು ದಪ್ಪ ಆದ್ನೆಪಾ" ಎಂದ. ಎಲ್ಲ ಬಂತು ಅಂದುಕೊಂಡೆವು. ಕಾಕಾ ಹಳೆಯ ಕ್ಯಾಸೆಟ್ಟಿನ ಮೇಲೆ ಹೊಸದೊಂದು ಸೆರಗಿನ ನಕ್ಷೆ ತುಂಬಿದರು.

ನನ್ನ ಮದುವೆಯಾದ ಮರುವರ್ಷ ಅಪ್ಪ ತೀರಿಕೊಂಡ. ಗಾದಿ ಹೊಲಿಯುತ್ತ ಕೂತವನು ಹಾಗೇ ಅದರ ಮೇಲೆ ಒರಗಿದ. ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಅಲ್ಲಾಹನ ಅಷ್ಟು ದಯೆ.

ದಿನ ಕಳೆದ ಮೇಲೆ ಅಮ್ಮ ಒಂದು ಮಾತು ಕೇಳಿದಳು, ಒಮ್ಮೆ ಮುಖ ನೋಡಬೇಕು ಎಂದು. ಕೈಹಿಡಿದು ಎದುರುಮನೆಗೆ ಕರೆದೊಯ್ದೆ. ಕಾಕಾ ಫ್ಲಾಪಿ ಹಾಕಿದರು. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಮ್ಯಾಲೆ ಸಿಟ್ಟಾಗ್ಯಾರೇನ?" ಎಂದಳು.

ಆಗ ನಮಗೆ ಕಂಡಿತು. ತುಟಿ ನೆಟ್ಟಗಿತ್ತು. ಆ ಮೂಲೆಯ ಒಂಟಿ ಚೌಕ ಜೋಡಿಯ ಲೆಕ್ಕದಲ್ಲಿ ಬಿದ್ದುಹೋಗಿತ್ತು. ಕಾಕಾ ಎದ್ದು ಕಪಾಟಿನಿಂದ ಕ್ಯಾಸೆಟ್ ತೆಗೆದರು, ಕೈಯಲ್ಲಿ ಹಿಡಿದು ನಿಂತರು… ಅದರಲ್ಲಿ ಸೆರಗಿನ ಬಳ್ಳಿ ಬಿಟ್ಟರೆ ಏನೂ ಇರಲಿಲ್ಲ ಎಂದು ಅವರಿಗೂ ಗೊತ್ತಿತ್ತು.

"ಸಿಟ್ಟಲ್ಲ ತಾಯಿ. ನಾನ ಕೆಡಿಸೇನಿ. ನಾನ ಸರಿ ಮಾಡತೀನಿ," ಎಂದರು.

ಅಮ್ಮ ಮತ್ತೆ ನೋಡಲು ಹೋಗಲಿಲ್ಲ. ಸಾಯುವವರೆಗೂ ಆ ವಿಷಯ ಎತ್ತಲಿಲ್ಲ.

ಆಮೇಲೆ ಫ್ಲಾಪಿಯ ಯಂತ್ರವೂ ಕೆಟ್ಟಿತು. ಕಾಕಾ ಚಿತ್ರವನ್ನು ಮೂರನೆಯದಕ್ಕೆ, ಅದೂ ಹಳತಾದಾಗ ಮತ್ತೊಂದಕ್ಕೆ ಸಾಗಿಸುತ್ತ ಹೋದರು. ಒಂದರಲ್ಲಿ ಗಡ್ಡ ಹಸಿರಾಯಿತು. ಒಂದರಲ್ಲಿ ಮುಖ ಉದ್ದವಾಯಿತು. ಒಂದರಲ್ಲಿ ಚಿತ್ರ ತೆರೆಯದೆ ಬರೀ ಅಂಕಿ ಬಂತು. ಎಲ್ಲವನ್ನೂ ಹೇಗೋ ಸರಿಮಾಡುತ್ತಿದ್ದರು, ಆ ನಗೆಯೊಂದು ಬಿಟ್ಟು. ನಾನು, ನನ್ನ ಗಂಡ ಆಗ ಲಕ್ಷ್ಮೇಶ್ವರಕ್ಕೆ ಬಂದಾಗಿತ್ತು. ತವರಿಗೆ ಹೋದಾಗಲೆಲ್ಲ ಚೀಲ ಇಡುವ ಮೊದಲೇ ಎದುರುಮನೆಯಿಂದ ಕೂಗು: "ಬಂದ್ಯಾ ಮಗಳ? ಜಲ್ದಿ ಬಾ. ಇದು ನೋಡು. ಈ ಚೌಕೋ, ಇದರ ಮಗ್ಗಲಿಂದೋ?"

ಒಂದು ಚೌಕ ಮೇಲಿಟ್ಟರೆ ಅಪ್ಪ ಅಣಕಿಸುತ್ತಿದ್ದ. ಕೆಳಗಿಟ್ಟರೆ ಅಳುತ್ತಿದ್ದ. ಪಕ್ಕಕ್ಕಿಟ್ಟರೆ ಎಲೆ ಅಡಿಕೆ ಹಾಕಿಕೊಂಡ ಯಾರೋ ಶಾನುಭೋಗರು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಕಾಕಾ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

"ಹೆಂಗಿದ್ರೂ ಇರಲಿ, ನನ್ನ ಮೊಬೈಲಿಗೆ ಹಾಕಿಬಿಡ್ರಿ ಕಾಕಾ," ಎಂದು ಎಷ್ಟು ಸಲ ಕೇಳಿದೆನೋ. ಒಪ್ಪಲಿಲ್ಲ. "ಸಿಟ್ಟಿನ ಮಾರಿ ಮನಿಗೆ ಕಳಸಬಾರ್ದವಾ. ನಗು ಬರಲಿ, ಆಮ್ಯಾಲೆ ಒಯ್ಯಿ."

ಕಳೆದ ಮಳೆಗಾಲದಲ್ಲಿ ಕೊನೆಯ ಸಲ ಹೋಗಿದ್ದೆ. ಕಣ್ಣು ಮಂಜಾಗಿ, ಪರದೆಗೆ ಮೂಗು ತಾಗಿಸಿ ಕೂತಿದ್ದರು. "ಈ ಸಲ ಸಿಕ್ಕೈತಿ ಮಗಳ. ಖರೆ ಹೇಳು, ಇವನ ಹೌದಲ್ಲ?"

ನೋಡಿದೆ. ಒಬ್ಬ ಮುದುಕ ನಗುತ್ತಿದ್ದ. ಚೆಂದವಾಗಿಯೇ ನಗುತ್ತಿದ್ದ. ಅವನು ಅಪ್ಪನೋ ಅಲ್ಲವೋ, ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ಅಪ್ಪನನ್ನು ಕರೆದರೆ ಅವನ ಜಾಗದಲ್ಲಿ ಬಂದದ್ದು ಈ ಪರದೆಯ ಮೇಲೆ ನೋಡಿದ ಮುಖಗಳೇ. ಅಣಕಿಸುವವನು, ಅಳುವವನು, ಶಾನುಭೋಗರು… ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ನನಗ ಗುರ್ತ ಹತ್ತವಲ್ದರೀ ಕಾಕಾ. ನೋಡಿ ನೋಡಿ ಮರತೇಬಿಟ್ಟೇನಿ."

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಂಗಾರ ನಿನ್ನ ನೆನಪೂ ನಾನ ಕೆಡಿಸಿದ್ನೇನವಾ?"

ಇಲ್ಲ ಅಂದೆ. ನಿಮ್ಮಿಂದ ಇಷ್ಟು ವರ್ಷ ಅಪ್ಪನ ಮಾತಾಡುವವರು ಒಬ್ಬರಿದ್ದರು, ಅದೇ ದೊಡ್ಡದು ಅಂದೆ. ಅದು ಸುಳ್ಳಲ್ಲ. ಅಪ್ಪನ ತುಟಿ ಎಷ್ಟು ವಾರೆಯಾಗುತ್ತಿತ್ತು ಎಂದು ಚಿಂತೆ ಮಾಡಿದವರು ಈ ಭೂಮಿಯ ಮೇಲೆ ನಾವಿಬ್ಬರೇ. ಆದರೆ ಅವರ ಕಿವಿಗೆ ನನ್ನ ಮಾತು ಬಿದ್ದಂತೆ ಕಾಣಲಿಲ್ಲ. ಬಸ್ಸಿಗೆ ಹೊರಟಾಗ ಎಂದಿನಂತೆ ಬಾಗಿಲಿಗೆ ಬರಲಿಲ್ಲ…

ಫೋನಿನಲ್ಲಿ ಸೊಸೆ ಇನ್ನೊಂದು ಮಾತು ಹೇಳಿದಳು. "ಅಕ್ಕಾರ, ನಿನ್ನೆ ನಿಮ್ಮ ಅಪ್ಪಾರ ಚಿತ್ರಾ ಹಚ್ಚಿಟ್ಟುಕೊಂಡ ಕುಂತಿದ್ರರೀ. ಆರಿಸಬ್ಯಾಡ ಅಂತಿದ್ರು. ನಾವೂ ಆರಿಸಲಿಲ್ಲ. ರಾತ್ರಿ ಕರೆಂಟ್ ಹೋಗಿ ಒಮ್ಮಿಗೆ ಜೋರ್ ಬಂತರೀ. ಮುಂಜಾನಿಂದ ಮಶೀನ್ ಚಾಲೂ ಆಗವಲ್ದು. ಮಣ್ಣಿಗೆ ಬಂದಿದ್ದ ರಿಪೇರಿಯಾಂವ ನೋಡಿ, ಒಳಗಿಂದೆಲ್ಲಾ ಸುಟ್ಟೈತಿ, ಏನೂ ಬರೂದಿಲ್ಲ ಅಂದ."

"ಇರಲಿ ಬಿಡವಾ," ಅಂದೆ.

ಟಿವಿ ಆರಿಸಿದ್ರ ಹೋಗತೈತಲ್ಲ ಎಂದು ಕೇಳಿಯೇ ಅಪ್ಪ ಕೂತಿದ್ದ. ಅವನ ಷರತ್ತು ನಡೆಯಿತು. ಕಾಕಾನ ಮಾತೊಂದು ನಡೆಯಲಿಲ್ಲ. ಸರಿ ಮಾಡತೀನಿ ಅಂದಿದ್ದರು, ಆಗಲಿಲ್ಲ ಎಂಬ ಭಾರ ಹೊತ್ತುಕೊಂಡೇ ಹೋದರು. ಅದೊಂದು ನನ್ನನ್ನು ಕೊರೆಯುತ್ತದೆ. ಅಲ್ಲಿ ಇಬ್ಬರೂ ಭೇಟಿಯಾಗಿದ್ದರೆ, ಅಪ್ಪನ ತುಟಿಯ ಮೂಲೆ ಅವರ ಕಣ್ಣಿಗೆ ಬೀಳಲಿ ಎಂದು ಇಳಿಹೊತ್ತಿನ ಅಸರ್ ನಮಾಜಿನಲ್ಲಿ ಬೇಡಿಕೊಂಡೆ.

ಮಾಳಿಗೆಗೆ ಮರಳಿ ಬಂದೆ. ಹತ್ತಿ ಉಬ್ಬಿ ಹಗುರಾಗಿತ್ತು, ಗಾಳಿ ಬಿಟ್ಟಿರಲಿಲ್ಲ, ಒಂದು ಎಳೆಯೂ ಹಾರಿರಲಿಲ್ಲ. ಬಿಸಿಲು ಇಳಿಯುವುದರೊಳಗೆ ಎಲ್ಲವನ್ನೂ ಗಾದಿಯ ಗಲೀಫಿಗೆ ತುಂಬಿ, ದಬ್ಬಣಕ್ಕೆ ದಾರ ಪೋಣಿಸಿ, ಅಪ್ಪ ಹೊಲಿದಿದ್ದ ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯುತ್ತ ಕೂತೆ.