ವಾಪಸು ಬಂದ ನೋಟೀಸು

ಆಫೀಸಿನಲ್ಲಿ ಎಲ್ಲರೂ ಅವನನ್ನು ವಿಷಾದರಾಯ ಎಂದೇ ಕರೆಯುತ್ತಿದ್ದರು. ಜನರ ವೆಬ್‌ಸೈಟುಗಳಿಗೆ ಬಾಡಿಗೆಗೆ ಜಾಗ ಕೊಡುವ ಕಂಪನಿ ಅದು. ಯಾರನ್ನಾದರೂ ಆ ಜಾಗದಿಂದ ಎಬ್ಬಿಸುವಾಗ ಕಾಗದ ಬರೆಯುವುದು ಇವನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಕಾಗದವೂ "ವಿಷಾದದಿಂದ ತಿಳಿಸುವುದೇನೆಂದರೆ" ಎಂದೇ ಶುರುವಾಗುತ್ತಿತ್ತು. ದಿನವೂ ಅಷ್ಟು ವಿಷಾದಪಟ್ಟವನ ಮೈ ಸೊರಗಬೇಕಿತ್ತು. ಇವನಿಗೆ ಹೊಟ್ಟೆ ಬಂದಿತ್ತು.

ಮೊದಲು ಎಬ್ಬಿಸಬೇಕಾಗಿದ್ದವರು ಬರೀ ಮೋಸಗಾರರು. ಬೋಳುತಲೆಗೆ ಎಣ್ಣೆ ಮಾರುವವರು, ಬಹುಮಾನ ಬಂದಿದೆ ಎಂದು ಟೋಪಿ ಹಾಕುವವರು. ಆಮೇಲಾಮೇಲೆ ಮ್ಯಾನೇಜರಿಗೆ ಸರ್ಕಾರದ ಕಡೆಯಿಂದ ಫೋನು ಬರತೊಡಗಿತು. ಫೋನು ಮಾಡಿದವರು ಆದೇಶ ಕೊಡುತ್ತಿರಲಿಲ್ಲ, ಆಣೆಗೂ ಇಲ್ಲ. ಕಂಪನಿಯ ಲೈಸೆನ್ಸಿನ ಕ್ಷೇಮಸಮಾಚಾರ ಕೇಳಿ, ಮಾತಿಗೆ ಮಾತು ಬಂದಂತೆ ಒಂದು ವೆಬ್‌ಸೈಟಿನ ಹೆಸರು ಹೇಳಿ ಇಟ್ಟುಬಿಡುತ್ತಿದ್ದರು. ಕಾರಣ ಹುಡುಕುವುದು ವಿಷಾದರಾಯನ ಪಾಲಿಗೆ. ಕಂಪನಿಯ ನಿಯಮಾವಳಿಯಲ್ಲಿ ಹದಿನಾಲ್ಕನೆಯದು, "ಇತರರಿಗೆ ಕಿರಿಕಿರಿಯಾಗುವ ವಿಷಯ" ಎಂಬುದು, ಯಾರ ಮೈಗೂ ಆಗುವ ಅಂಗಿ. ಹೊಲಿದವನೂ ಇವನೇ.

ಆ ಸೋಮವಾರ ಬಂದ ಹೆಸರು ಒಬ್ಬ ನಿವೃತ್ತ ವಿಜ್ಞಾನದ ಟೀಚರಮ್ಮನ ವೆಬ್‌ಸೈಟಿನದು. ಹನ್ನೊಂದು ವರ್ಷಗಳಿಂದ ಆಕೆ ಪ್ರತಿದಿನ ಊರಿನ ನಲ್ಲಿ ನೀರನ್ನು ಪರೀಕ್ಷಿಸಿ ಅಂಕಿಗಳನ್ನು ಅಲ್ಲಿ ಹಾಕುತ್ತಿದ್ದರು. ಬೈಗುಳವಿಲ್ಲ, ಘೋಷಣೆಯಿಲ್ಲ, ಬರೀ ಅಂಕಿ.

"ನೀರಿನ ಅಂಕಿಯಿಂದ ಯಾರಿಗೆ ಸಾರ್ ಕಿರಿಕಿರಿ?" ಎಂದು ವಿಷಾದರಾಯ ಮ್ಯಾನೇಜರನ್ನು ಕೇಳಿದ.

"ಹೋದ ತಿಂಗಳು ಹೊಸ ನೀರಿನ ಘಟಕದ ಟೇಪು ಕತ್ತರಿಸಿದ್ರಲ್ಲ ಮಂತ್ರಿಗಳು, ಅವರಿಗೆ. ಅವತ್ತಿಂದ ಅಂಕಿ ಕೆಟ್ಟಿದೆಯಂತೆ."

"ಬರಹದಲ್ಲಿ ಏನಾದ್ರೂ ಕೊಡ್ತಾರಾ?"

"ಅವರೇ ಬರೆದುಕೊಡೋ ಹಾಗಿದ್ರೆ ನಿಮ್ಮನ್ನ ಯಾಕ್ರೀ ಇಟ್ಕೊಳ್ತಿದ್ವಿ?"

ಹನ್ನೊಂದು ಗಂಟೆಗೆ ವೆಬ್‌ಸೈಟು ಮುಚ್ಚಿತು. ಹನ್ನೊಂದೂ ಹತ್ತಕ್ಕೆ ಈಮೇಲಿನಲ್ಲಿ ನೋಟೀಸು ಹೋಯಿತು: ಹದಿನಾಲ್ಕನೆಯ ನಿಯಮದ ಪ್ರಕಾರ ಮುಚ್ಚಲಾಗಿದೆ, ಏಳು ದಿನದೊಳಗೆ ನಿಮ್ಮ ದಾಖಲೆಗಳನ್ನು ಕೇಳಿ ಪಡೆಯಿರಿ, ಆಮೇಲೆ ಅಳಿಸಲಾಗುವುದು. ಹನ್ನೊಂದೂ ಹನ್ನೊಂದಕ್ಕೆ ಆ ನೋಟೀಸು ಇವನ ಬಳಿಗೇ ವಾಪಸು ಬಂತು. ಟೀಚರಮ್ಮನ ಈಮೇಲು ಇದ್ದದ್ದೂ ಅದೇ ಜಾಗದಲ್ಲಿ. ಮನೆಗೆ ಬೀಗ ಜಡಿದು, ನೋಟೀಸನ್ನು ಆ ಮನೆಯೊಳಗೇ ಎಸೆದು ಬಂದ ಹಾಗಾಗಿತ್ತು. ಆಕೆಗೆ ಗೊತ್ತೇ ಆಗದೆ ಹನ್ನೊಂದು ವರ್ಷ ಅಳಿಸಿಹೋಗುತ್ತದೆ.

"ಕಳಿಸಿದ್ದಕ್ಕೆ ದಾಖಲೆ ಇದೆಯಲ್ಲ, ಸಾಕು," ಎಂದರು ಮ್ಯಾನೇಜರು. "ಸಿಕ್ಕಿತೋ ಇಲ್ವೋ ಅವರ ತಲೆನೋವು."

"ಒಂದು ಫೋನ್ ಮಾಡಿಬಿಡ್ಲಾ ಸಾರ್?"

"ಯಾಕೆ, ಈ ಕೆಲಸ ಬೇಜಾರಾಯ್ತಾ?"

ಬುಧವಾರ ಊಟಕ್ಕೆ ಕೂತಾಗ ಹೆಂಡತಿ ಗೊಣಗಿದಳು. "ದಿನಾ ಆ ಟೀಚರಮ್ಮನ ಅಂಕಿ ನೋಡೇ ನಾನು ನೀರು ಹಿಡೀತಿದ್ದೆ ಕಣ್ರೀ. ಎರಡು ದಿನದಿಂದ ತೆರೀತಾನೇ ಇಲ್ಲ. ಯಾವ ಮನೆಹಾಳ ಮುಚ್ಚಿದ್ನೋ!"

ಮನೆಹಾಳ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಾಯೊಳಗಿನ ತುತ್ತು ಒದ್ದೆ ಕಾಗದದಂತಿತ್ತು.

ಭಾನುವಾರ ಮಧ್ಯಾಹ್ನ ಅವನು ಟೀಚರಮ್ಮನ ಬಾಗಿಲು ತಟ್ಟಿ, ಯಾವ ಕಂಪನಿಯವನೆಂದು ಹೇಳಿದ. ಹನ್ನೊಂದು ವರ್ಷದ ಅಂಕಿಗಳನ್ನು ಕದ್ದು ಪೆನ್‌ಡ್ರೈವಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ. ಮುಂಗೋಣೆಯ ತುಂಬ ಚೀಟಿ ಅಂಟಿಸಿದ ಬಾಟಲಿಗಳು.

"ಕಂಪನಿಯೋರಾ? ಮುಚ್ಚಿದೋರು?"

"ಮುಚ್ಚಿಸಿದೋರು ಬೇರೆ ಅಮ್ಮ. ನಾನು ಬರೀ ಕಾಗದ..."

"ಯಾವ ಕಾಗದ? ನನಗೇನೂ ಬಂದಿಲ್ಲವಲ್ಲ!"

ಅವನು ಪೆನ್‌ಡ್ರೈವ್ ಚಾಚಿದ. ಆಕೆ ಕಂಪ್ಯೂಟರಿಗೆ ಸಿಕ್ಕಿಸಿ, ಮೊದಲ ವರ್ಷದಿಂದ ಕೊನೆಯ ದಿನದವರೆಗೂ ಒಂದೊಂದೇ ತೆರೆದು ನೋಡಿ ಉಸಿರುಬಿಟ್ಟರು. ಧನ್ಯವಾದ ಬರುತ್ತದೆಂದು ಇವನು ಸಣ್ಣಗೆ ನಗು ಸಿದ್ಧಮಾಡಿಕೊಂಡಿದ್ದ. ಬಂದದ್ದು ಒಂದು ಲೋಟ ನೀರು.

"ಬಿಸಿಲಲ್ಲಿ ಬಂದಿದೀರಿ, ಕುಡೀರಿ."

"ನಲ್ಲೀದಾ ಅಮ್ಮ?"

"ನಲ್ಲೀದೇ. ಅಂಕಿ ಎಲ್ಲೂ ಇಲ್ಲವಲ್ಲ ಈಗ, ಅಂದ್ಮೇಲೆ ಚೆನ್ನಾಗೇ ಇರಬೇಕು." ಲೋಟದ ಪಕ್ಕದಲ್ಲಿ ಹಾಳೆ, ಪೆನ್ನು ಇಟ್ಟರು. "ಬೇಡವಾದ್ರೆ, ಯಾರು ಹೇಳಿ ಮುಚ್ಚಿಸಿದ್ರು ಅಂತ ಎರಡು ಸಾಲು ಬರೆದುಕೊಡಿ. ಕಾಗದ ಬರೆಯೋದು ನಿಮ್ಮ ಕೆಲಸ ತಾನೆ?"

ವಿಷಾದರಾಯ ಪೆನ್ನು ನೋಡಿದ, ಲೋಟ ನೋಡಿದ. ತಳದಲ್ಲಿ ಏನೋ ಕಂದುಬಣ್ಣದ್ದು ತಿರುಗುತ್ತಿತ್ತು. ಲೈಸೆನ್ಸು ನೆನಪಾಯಿತು, ಮ್ಯಾನೇಜರು ನೆನಪಾದರು. ಕಣ್ಣು ಮುಚ್ಚಿ, ಗಟಗಟನೆ, ತಳದವರೆಗೂ ಕುಡಿದ.

ಮಂಗಳವಾರ ಟೀಚರಮ್ಮನ ಅಂಕಿಗಳು ಬೇರೆ ದೇಶದ ಕಂಪನಿಯೊಂದರ ಜಾಗದಲ್ಲಿ ಎದ್ದು ಕೂತವು. ಹೆಂಡತಿ ಸಂಭ್ರಮದಿಂದ ಗಟ್ಟಿಯಾಗಿ ಓದಿದಳು: "ಭಾನುವಾರದ ನೀರು ಕುಡಿಯಲು ಯೋಗ್ಯವಲ್ಲ. ನನ್ನ ಪುಟ ಮುಚ್ಚಿದ ಕಂಪನಿಯವರೊಬ್ಬರು, ಮುಚ್ಚಿಸಿದವರ ಹೆಸರು ಬರೆಯುವ ಬದಲು, ಇದನ್ನು ಒಂದು ಲೋಟ ಕುಡಿದು ಹೋದರು." ಓದಿ ಥೂ ಎಂದಳು. "ಎಂಥಾ ಜನಾರೀ! ಯಾರಿರಬಹುದು ಅವನು?"

ವಿಷಾದರಾಯ ಬೆಳಗಿನಿಂದ ಆರನೆಯ ಸಲ ಪಾಯಿಖಾನೆಯ ಚಿಲಕ ಹಾಕಿಕೊಂಡಿದ್ದ.